ಇರಲಿ, ಇನ್ನೊಂದು

ಮನೆಯಲ್ಲಿ ಅವಳಿಗೆ ಇನ್ನೊಂದಕ್ಕ ಎಂಬ ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಇಟ್ಟವಳು ನಾದಿನಿ. ಮದುವೆಯಾದ ಹೊಸತರಲ್ಲಿ ಮನೆಮಂದಿಯೆಲ್ಲ ಸಮುದ್ರದ ದಂಡೆಯ ದೀಪಸ್ತಂಭ ನೋಡಲು ಹೋಗಿದ್ದರು. ಹೊಸ ಸೊಸೆಯ ಕೈಗೆ ಕ್ಯಾಮೆರಾ ಕೊಟ್ಟು ಅತ್ತೆ, ಮಾವ, ಗಂಡ, ನಾದಿನಿ ನಾಲ್ವರೂ ಸಾಲಾಗಿ ನಿಂತರು, ಹೊಟ್ಟೆ ಒಳಗೆಳೆದುಕೊಂಡು ಹಲ್ಲು ಬಿಟ್ಟರು. ಅವಳು ಕ್ಲಿಕ್ಕಿಸಿದಳು. ಎಲ್ಲರೂ ಹಲ್ಲು ಮುಚ್ಚಿ ಹೊಟ್ಟೆ ಬಿಟ್ಟರು. ಅಷ್ಟರಲ್ಲಿ ಅವಳಿಗೆ ಅನುಮಾನ ಬಂತು. ಕೈ ಅಲುಗಿತೇನೋ, ಯಾರೋ ಕಣ್ಣು ಮುಚ್ಚಿದರೇನೋ. "ಇರಲಿ, ಇನ್ನೊಂದು" ಎಂದವಳೇ ಮತ್ತೆ ಒತ್ತಿಬಿಟ್ಟಳು. ಸಂಜೆಯೊಳಗೆ ಆ ಮಾತು ಹದಿನೇಳು ಸಲ ಬಂತು. ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹೇಳಿದ ನಾದಿನಿ, "ಇವರು ಅತ್ತಿಗೆ ಅಲ್ಲ, ಇನ್ನೊಂದಕ್ಕ" ಎಂದಳು. ಹೆಸರು ಅಂಟಿಕೊಂಡಿತು.

ಅದಕ್ಕೆ ಅವಳು ಬೇಸರ ಮಾಡಿಕೊಂಡಿರಲಿಲ್ಲ. ಸುಳ್ಳೇನೂ ಅಲ್ಲವಲ್ಲ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವವಳು ಅವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಓಡಿ ಬಂದವಳು. ಅಂಚೆ ಡಬ್ಬಿಗೆ ಕಾಗದ ಹಾಕಿದ ಮೇಲೂ ಡಬ್ಬಿಯ ಬಾಯಿಗೆ ಒಂದು ಕಣ್ಣಿಟ್ಟು, ಅದು ನಿಜವಾಗಿ ಒಳಗೆ ಬಿತ್ತೇ ಎಂದು ಖಾತ್ರಿ ಮಾಡಿಕೊಳ್ಳುವವಳು.

ಕೆಲಸವೂ ಅದಕ್ಕೆ ತಕ್ಕಂಥದ್ದೇ. ಗುಂಡಿ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಕಿಟಕಿಯಿಂದ ಎರಡನೆಯ ಮೇಜು ಅವಳದು. ಷರಟಿನ ಗುಂಡಿ, ಕೋಟಿನ ಗುಂಡಿ, ಮಕ್ಕಳ ಅಂಗಿಯ ಬಣ್ಣಬಣ್ಣದ ಗುಂಡಿ ಎಲ್ಲವೂ ಟ್ರೇಗಳಲ್ಲಿ ಸಾಲಾಗಿ ಅವಳ ಮುಂದೆ ಬರುತ್ತಿದ್ದವು. ತೂತು ಓರೆಯಾದದ್ದು, ಅಂಚು ಚಕ್ಕೆ ಎದ್ದದ್ದು, ಬಣ್ಣ ಮಂಕಾದದ್ದು ಕಂಡರೆ ಚಿಮಟದಲ್ಲಿ ಎತ್ತಿ ಪಕ್ಕದ ಡಬ್ಬಿಗೆ ಹಾಕಬೇಕು. ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಒಂದು ಸಲ ನೋಡಿ ಮುಗಿಸಿದ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿ, ತಲೆಕೆಳಗಾಗಿ ಇನ್ನೊಮ್ಮೆ ನೋಡಬೇಕು. ಅವಳಿಗೆ ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದಳು: "ಕಣ್ಣು ಮಹಾ ಸೋಮಾರಿ ಕಣೇ. ಮೊದಲನೇ ಸಲ ತನಗೆ ಬೇಕಾದ್ದನ್ನ ನೋಡತ್ತೆ. ತಿರುಗಿಸಿದ್ರೆ ಗಾಬರಿಯಾಗಿ, ಇರೋದನ್ನ ನೋಡತ್ತೆ."

ಹದಿನಾರು ವರ್ಷ ಹೀಗೆ ತಪ್ಪು ಹುಡುಕಿ ಹುಡುಕಿ ಅವಳ ಕಣ್ಣು ಎಲ್ಲಿ ಹೋದರೂ ತಪ್ಪನ್ನೇ ಹುಡುಕುತ್ತಿತ್ತು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕೋಟಿನ ಮೂರನೆಯ ಗುಂಡಿ ಕಾಣುತ್ತಿತ್ತು. ಇದು ಸಾಕು, ಬೇರೆ ಏನಾದರೂ ನೋಡಲು ಕಲಿಯಬೇಕು ಎಂದು ಅವಳು ಸಂಜೆಯ ಫೋಟೋಗ್ರಫಿ ತರಗತಿಗೆ ಸೇರಿದ್ದಳು.

*

ತರಗತಿ ನಡೆಯುತ್ತಿದ್ದದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ, ವಾರಕ್ಕೆ ಎರಡು ಸಂಜೆ. ಕುರ್ಚಿಗಳು ಆರು ವರ್ಷದ ಮಕ್ಕಳಿಗೆ ಮಾಡಿಸಿದವು. ಹತ್ತೊಂಬತ್ತು ಮಂದಿ ದೊಡ್ಡವರು ಮೊಣಕಾಲನ್ನು ಗಲ್ಲದ ಹತ್ತಿರ ತಂದುಕೊಂಡು ಕೂರುತ್ತಿದ್ದರು. ಮೇಷ್ಟ್ರು ಹಗಲೆಲ್ಲ ತಮ್ಮ ಅಂಗಡಿಯಲ್ಲಿ ಗುರುತಿನ ಚೀಟಿಯ ಫೋಟೋ ತೆಗೆಯುವವರು. ಬೆಳಿಗ್ಗೆಯಿಂದ ಜನರಿಗೆ "ನಗಬೇಡಿ, ನೇರ ನೋಡಿ" ಎಂದು ಹೇಳಿ ಬಂದದ್ದಕ್ಕೋ ಏನೋ, ಸಂಜೆ ತಾವೇ ಎರಡು ಪಾಲು ನಗುತ್ತಿದ್ದರು.

ಆ ತರಗತಿಯಲ್ಲಿ ಅವಳು ಮೊದಲ ಬಾರಿಗೆ, ಒಂದು ಗೋಡೆಯ ಮೇಲೆ ಬಿದ್ದ ಬೆಳಕನ್ನು ತಪ್ಪು ಹುಡುಕದೆ ನೋಡಿದ್ದಳು. ಎಷ್ಟು ಹೊತ್ತು ನೋಡಿದಳೆಂದರೆ ಪಕ್ಕದವರು "ಹುಷಾರಿದ್ದೀರಾ?" ಎಂದು ಕೇಳಿದ್ದರು.

ಮೊದಲ ವರ್ಷ ಮುಗಿಯಲು ಆರು ವಾರ ಇದೆ ಎನ್ನುವಾಗ ಮೇಷ್ಟ್ರು ಒಂದು ಬಾಂಬು ಹಾಕಿದರು. ಎರಡನೆಯ ವರ್ಷಕ್ಕೆ ಎಂಟೇ ಮಂದಿಗೆ ಜಾಗ. ಸೇರಬೇಕೆನ್ನುವವರು ಹತ್ತು ಫೋಟೋ ತರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಯ್ಕೆಯಾದವರ ಫೋಟೋಗಳನ್ನು ಊರವರು ನೋಡಲೆಂದು ಶಾಲೆಯ ಗೋಡೆಗೆ ಹಾಕುತ್ತಾರೆ. ವಿಷಯ: ನೀವು ಹೋದ ಜಾಗಗಳು, ನೀವು ನೋಡಿದ ಹಾಗೆ.

"ನೀವು ನೋಡಿದ ಹಾಗೆ" ಎಂಬ ಮಾತು ಅವಳ ಎದೆಯಲ್ಲಿ ಅಕ್ಕಿಯೊಳಗಿನ ಕಲ್ಲಿನ ಹಾಗೆ ಕೂತಿತು. ತಾನು ನೋಡುವ ಹಾಗೆ ಎಂಬುದೊಂದು ಇದೆಯೇ? ಇಲ್ಲದಿದ್ದರೆ ಎಲ್ಲಿಂದ ತರುವುದು? ಮರುಭಾನುವಾರ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಕೆರೆಯೂರಿಗೆ ಹೋದಳು. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ನೀರು ಕೆಳಗಿನ ಮೂರನೇ ಒಂದು ಪಾಲು, ಆಕಾಶ ಮೇಲಿನ ಎರಡು ಪಾಲು, ದೋಣಿ ಎಡಮೂಲೆಯಲ್ಲಿ, ಸೂರ್ಯ ಮುಳುಗುವ ಹೊತ್ತಿನ ಚಿನ್ನದ ಬೆಳಕು. ಒಂದೊಂದನ್ನೂ ಎರಡೆರಡು ಸಲ ತೆಗೆದಳು, ಹೇಳಬೇಕಾದ್ದೇ ಇಲ್ಲ.

ಮೇಷ್ಟ್ರು ಅವುಗಳನ್ನು ಒಂದೊಂದಾಗಿ ನೋಡಿದರು. "ಚೆನ್ನಾಗಿದೆ. ತುಂಬ ಚೆನ್ನಾಗಿದೆ. ಇದನ್ನ ಯಾರು ನೋಡಿದ್ದು?"

"ನಾನೇ ಸಾರ್. ಭಾನುವಾರ ಹೋಗಿದ್ದೆ. ಬಸ್ ಟಿಕೆಟ್ ಕೂಡ ಇದೆ."

ಅವರು ನಕ್ಕರು. "ಟಿಕೆಟ್ ಯಾಕಮ್ಮ, ನಂಬ್ತೀನಿ. ಆದ್ರೆ ಫೋಟೋ ನೋಡಿದ್ರೆ ಗೊತ್ತಾಗಲ್ವಲ್ಲ. ಇದನ್ನ ನಾನೂ ತೆಗೀಬಹುದು, ಆ ದೋಣಿಯವನೂ ತೆಗೀಬಹುದು. ನೀವು ಎಲ್ಲಿದ್ದೀರಿ ಇದರಲ್ಲಿ?"

ಅವಳು ದೋಣಿಯ ಹಿಂದೆ ಎಲ್ಲಾದರೂ ತಾನು ಇದ್ದೇನೆಯೇ ಎಂಬಂತೆ ಫೋಟೋವನ್ನೇ ಪಿಳಿಪಿಳಿ ನೋಡಿದಳು. ಇರಲಿಲ್ಲ. ಮನೆಗೆ ಬಂದವಳು ಊಟಕ್ಕೆ ಕೂತು ಅನ್ನದಲ್ಲಿ ಬೆರಳಾಡಿಸುತ್ತಿದ್ದಳು.

"ಏನಾಯ್ತೇ?" ಎಂದ ಗಂಡ. ಅವನು ಸೋಫಾ ಕುರ್ಚಿಗಳಿಗೆ ಬಟ್ಟೆ ಹೊಲಿಯುವವನು. ಅವನ ಷರಟಿನ ತುಂಬ ಯಾವಾಗಲೂ ಹತ್ತಿಯ ಎಳೆಗಳು.

"ನನಗೆ ನನ್ನದು ಅಂತ ಕಣ್ಣೇ ಇಲ್ವಂತೆ."

"ಯಾರು ಹೇಳಿದ್ದು? ನಿನ್ನೆ ನನ್ನ ಬೆನ್ನ ಮೇಲಿನ ದಾರ ಅಡುಗೆಮನೆಯಿಂದಲೇ ಕಂಡಿತ್ತಲ್ಲ ನಿನಗೆ."

"ಅದೇ ಆಗಿರೋದು" ಎಂದಳು ಅವಳು, ಅಳುವ ಹಾಗೆ. "ಅದೊಂದೇ ಕಾಣೋದು ನನಗೆ."

*

ಸಹಾಯ ಬಂದದ್ದು ನಾದಿನಿಯ ಜಂಬದಿಂದ. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಕ್ಲಿನಿಕ್ಕಿನ ತನ್ನ ಮೇಜಿನ ಮೇಲೆ ಇಡಲು ಅವಳಿಗೊಂದು ಮನೆಯವರ ಫೋಟೋ ಬೇಕಾಗಿತ್ತು. ಅಣೆಕಟ್ಟಿಗೆ ಹೋದಾಗಿನದು ಇಷ್ಟ. ಆದರೆ ಅದರಲ್ಲಿ ಅವಳ ಕಣ್ಣು ಮುಚ್ಚಿಕೊಂಡಿತ್ತು.

"ಅತ್ತಿಗೆ, ನೀವು ಎರಡೆರಡು ಹೊಡೀತೀರಲ್ಲ. ಎರಡನೇದು ಎಲ್ಲಿ?"

ಎರಡನೆಯವೆಲ್ಲ ಕಂಪ್ಯೂಟರಿನಲ್ಲಿ 'ಇರಲಿ' ಎಂಬ ಹೆಸರಿನ ಫೋಲ್ಡರಿನಲ್ಲಿದ್ದವು. ಮೊದಲನೆಯದು ಸರಿ ಬಂದಿದೆಯೆಂದು ಗೊತ್ತಾದ ಮೇಲೆ ಅವಳು ಎರಡನೆಯದನ್ನು ತೆರೆದು ನೋಡುತ್ತಿರಲಿಲ್ಲ. ಅಳಿಸಲು ಧೈರ್ಯವೂ ಇರಲಿಲ್ಲ. ಹನ್ನೊಂದು ವರ್ಷದ್ದು ಅಲ್ಲಿ ಬಿದ್ದಿತ್ತು.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನಾದಿನಿ ಅದನ್ನು ತೆರೆದಳು. ಒಂದು ನಿಮಿಷದಲ್ಲಿ ಕಿಟಾರನೆ ಕಿರುಚಿದಳು. ಅವಳು ಅಡುಗೆಮನೆಯಿಂದ ಓಡಿ ಬಂದರೆ, ನಾದಿನಿ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಗುತ್ತಿದ್ದಾಳೆ.

ಪರದೆಯ ಮೇಲೆ ಅಣೆಕಟ್ಟು. ಮೊದಲನೆಯ ಫೋಟೋದಲ್ಲಿ ನಾಲ್ವರು ಗೊಂಬೆಗಳ ಹಾಗೆ ನಿಂತಿದ್ದ ಜಾಗ ಅದೇ. ಈಗ ಅತ್ತೆ ಒಂದು ಕಾಲಿನ ಬೂಟು ಕಳಚಿ, ತಲೆಕೆಳಗೆ ಹಿಡಿದು, ಕಲ್ಲು ಬೀಳಿಸುತ್ತಿದ್ದಾಳೆ. ಬೀಳದಿರಲೆಂದು ಇನ್ನೊಂದು ಕೈಯಲ್ಲಿ ಗುರುತು ಪರಿಚಯವಿಲ್ಲದ ಯಾರದೋ ಭುಜ ಹಿಡಿದಿದ್ದಾಳೆ. ಆ ಮನುಷ್ಯ ನೆಟ್ಟಗೆ, ಮರ್ಯಾದೆಯಿಂದ, ಕಂಬದ ಹಾಗೆ ನಿಂತಿದ್ದಾನೆ. ಗಂಡ ಕಟ್ಟೆಯಾಚೆ ಬಗ್ಗಿ ಬಾಯಿ ತೆರೆದು ನೀರು ನೋಡುತ್ತಿದ್ದಾನೆ. ನಾದಿನಿಯ ಸ್ಕಾರ್ಫು ಗಾಳಿಗೆ ಹಾರಿ ಅವಳ ಇಡೀ ಮುಖಕ್ಕೆ ಸುತ್ತಿಕೊಂಡಿದೆ.

"ಕಣ್ಣು ಮುಚ್ಚಿರೋದೇ ವಾಸಿ ಇತ್ತು!" ಎಂದಳು ನಾದಿನಿ, ಕಣ್ಣೊರೆಸಿಕೊಳ್ಳುತ್ತ. "ಅಮ್ಮಾ, ಬಾ ಇಲ್ಲಿ! ನಿನ್ನ ಸ್ನೇಹಿತರನ್ನ ನೋಡು!"

ಅತ್ತೆ ಬಂದಳು, ಗಂಡ ಬಂದ, ಕೊನೆಗೆ ಮಾವನವರೂ ಪೇಪರು ಮಡಿಚಿಟ್ಟು ಬಂದರು. ದೀಪಸ್ತಂಭದಿಂದ ಶುರು ಮಾಡಿ ಎಲ್ಲರೂ ಒಂದೊಂದನ್ನೇ ನೋಡುತ್ತ ಹೋದರು. ಕೋಟೆಯ ಬುರುಜಿನ ಮೇಲೆ ಗಂಡ ತೋಪಿನ ಬಾಯಿಯೊಳಗೆ ತೋಳು ಹಾಕಿ, ತೆಗೆಯಲಾಗದೆ ಒದ್ದಾಡುತ್ತಿದ್ದದ್ದು. ಪ್ರಾಣಿಸಂಗ್ರಹಾಲಯದಲ್ಲಿ ಅತ್ತೆಯ ಕೈಯಲ್ಲಿನ ಸುಲಿದ ಕಿತ್ತಳೆಯನ್ನು ಜಿರಾಫೆ ಮೇಲಿನಿಂದ ಅತ್ಯಂತ ಗಂಭೀರವಾಗಿ ನೋಡುತ್ತಿದ್ದದ್ದು. ಜಲಪಾತದ ಹತ್ತಿರ ಮೂವರೂ ಬೆನ್ನು ತಿರುಗಿಸಿ ಹೊರಟಿದ್ದರೂ ನಾದಿನಿಯೊಬ್ಬಳು ನಿಂತು ಹಿಂತಿರುಗಿ ನೋಡುತ್ತಿದ್ದದ್ದು. ಆ ಒಂದಕ್ಕೆ ಯಾರೂ ನಗಲಿಲ್ಲ. "ಇದು ಯಾವಾಗ ತೆಗೆದ್ರಿ ಅತ್ತಿಗೆ?" ಎಂದು ನಾದಿನಿ ಮೆಲ್ಲಗೆ ಕೇಳಿದಳು.

ಮಾವ ಕನ್ನಡಕ ಸರಿಮಾಡಿಕೊಂಡರು. "ವಿಚಿತ್ರ ಕಣಮ್ಮ. ಆಲ್ಬಮ್ಮಿನಲ್ಲಿರೋವು ನೋಡಿದ್ರೆ ನಾವು ಪರದೆ ಮುಂದೆ ನಿಂತ ಹಾಗಿದೆ. ಇವು ನೋಡಿದ್ರೆ ಮಾತ್ರ, ಹೌದು, ಅಲ್ಲಿಗೆ ಹೋಗಿದ್ವಿ ಅನ್ಸತ್ತೆ. ಆ ಜಲಪಾತದ ಸದ್ದು ಕೇಳಿಸ್ತಿದೆ ನನಗೆ."

ಅವಳಿಗೆ ಏನೋ ಹೊಳೆದ ಹಾಗಾಯಿತು. ಟ್ರೇ! ತಿರುಗಿಸಿದ ಟ್ರೇ. ಹನ್ನೊಂದು ವರ್ಷ ತಾನು ಪ್ರತಿಯೊಂದು ಊರನ್ನೂ ತಿರುಗಿಸಿ ಇಟ್ಟು ಎರಡನೆಯ ಸಲ ನೋಡಿದ್ದೆನೇ, ನೋಡಿದ್ದು ತನಗೇ ಗೊತ್ತಿಲ್ಲದೆ?

ಅಷ್ಟರಲ್ಲಿ ಮುಂದಿನ ಫೋಟೋ ಬಂತು. ಮಾವನವರ ನಗು ನಿಂತುಹೋಯಿತು.

ಬೆಟ್ಟದ ತುದಿಯ ವೀಕ್ಷಣಾ ಸ್ಥಳ ಅದು. ಟಿಕೆಟ್ ಕೊಡುವ ಗೂಡಿನ ಗಾಜಿನ ಮುಂದೆ ಮಾವ ಒಬ್ಬರೇ ನಿಂತಿದ್ದಾರೆ. ಟೋಪಿ ಕಂಕುಳಲ್ಲಿದೆ. ಕೈಯಲ್ಲಿ ಪುಟ್ಟ ಬಾಚಣಿಗೆ. ನುಣ್ಣನೆಯ ತಲೆಯ ಮೇಲೆ ಉಳಿದಿರುವ ಏಳೆಂಟು ಕೂದಲನ್ನು ಬಹಳ ಮುತುವರ್ಜಿಯಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತಿದ್ದಾರೆ. ಗಾಜಿನಲ್ಲಿ ಅವರ ಮುಖದ ಸುತ್ತ ಇಡೀ ಕಣಿವೆ, ನದಿ, ದೂರದ ಊರು, ಮೋಡ ಎಲ್ಲವೂ ಪ್ರತಿಬಿಂಬಿಸಿವೆ. ಲೋಕವೆಲ್ಲ ಅವರ ತಲೆ ಬಾಚುವುದನ್ನೇ ನೋಡಲು ಬಂದು ನಿಂತಂತಿದೆ.

ಅದು ಎಲ್ಲಕ್ಕಿಂತ ಒಳ್ಳೆಯ ಫೋಟೋ ಎಂದು ಅವಳಿಗೆ ಕಂಡ ಕ್ಷಣವೇ ಗೊತ್ತಾಯಿತು. ಎಂದೂ ಇಷ್ಟು ಖಾತ್ರಿಯಾಗಿ ಏನೂ ಗೊತ್ತಾದದ್ದಿಲ್ಲ.

"ಇದನ್ನ ಅಳಿಸು" ಎಂದರು ಮಾವ. ಹೋಗಿ ಮತ್ತೆ ಪೇಪರು ಹಿಡಿದರು.

*

ಮಾವನವರು ನಲವತ್ತು ವರ್ಷ ಟೋಪಿ ಅಂಗಡಿಯಲ್ಲಿ ಮಾರಾಟಗಾರರಾಗಿದ್ದವರು. ಊರಿಗೆಲ್ಲ ಟೋಪಿ ಹಾಕಿದವರು ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಮನೆಯ ಹೊರಗೆ ಅವರ ಬರಿ ತಲೆಯನ್ನು ಕಂಡವರಿಲ್ಲ. ಕಾಗದ ತರುವವನಿಗೆ ಬಾಗಿಲು ತೆಗೆಯುವ ಮೊದಲೂ ಗೂಟದಿಂದ ಟೋಪಿ ತೆಗೆದು ಹಾಕಿಕೊಳ್ಳುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಹೇಳದೆ ಕೇಳದೆ ಫೋಟೋ ಕೊಟ್ಟುಬಿಡುತ್ತಿದ್ದರು. ಅವಳಿಂದ ಅದಾಗುವ ಮಾತಲ್ಲ. ಹತ್ತು ಫೋಟೋ ಆರಿಸಿ, ಒಂದೊಂದನ್ನೂ ಹಿಡಿದು, ಅದರಲ್ಲಿರುವವರ ಬಳಿ ಹೋಗಿ ಒಪ್ಪಿಗೆ ಕೇಳಿದಳು. ಎರಡೆರಡು ಸಲ ಕೇಳಿದಳು. ಗಂಡ, "ತೋಪಿಗೆ ತೋಳು ಹಾಕಿದ್ದು ನಾನೇ ಅಂತ ಕೆಳಗೆ ಬರಿ ಬೇಕಾದ್ರೆ" ಎಂದ. ನಾದಿನಿ ಕುಣಿದಾಡಿದಳು. ಅತ್ತೆ, ಕಾಲುಚೀಲದ ತೂತು ಕಾಣಿಸುತ್ತದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಕಾಣಿಸುವುದಿಲ್ಲವೆಂದು ಗೊತ್ತಾದ ಮೇಲೆ ಒಪ್ಪಿದಳು.

ಮಾವ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲಮ್ಮ. ಆದ್ರೆ ಒಂದು ಊರಿಗೆ ಊರೇ ನಾನು ತಲೆ ಮೇಲೆ ಇಟ್ಟ ಟೋಪಿ ಹಾಕ್ಕೊಂಡು ಓಡಾಡಿತ್ತು. ಅವರ ಮುಂದೆ ಇದನ್ನ ಗೋಡೆಗೆ ಹಾಕೋದಾ? ಬೇಡ."

"ಆಯ್ತು ಮಾವ" ಎಂದಳು ಅವಳು. ಒತ್ತಾಯ ಮಾಡಲಿಲ್ಲ.

ಒಂಬತ್ತಾದವು. ಹತ್ತನೆಯದು ಇಲ್ಲ. ಫೋಲ್ಡರನ್ನು ಮೊದಲಿನಿಂದ ಕೊನೆಯವರೆಗೆ, ಕೊನೆಯಿಂದ ಮೊದಲಿನವರೆಗೆ ಜಾಲಾಡಿದಳು. ಉಳಿದವು ಮಸುಕು, ಇಲ್ಲವೇ ಯಾರದೋ ಅರ್ಧ ಕಿವಿ. ಕೊಡಬೇಕಾದ ದಿನಕ್ಕೆ ಹತ್ತೇ ದಿನ ಉಳಿದಿತ್ತು.

"ಅದಕ್ಕೇನು, ಮತ್ತೆ ಅದೇ ಬೆಟ್ಟಕ್ಕೆ ಹೋಗೋಣ" ಎಂದ ಗಂಡ. "ಎಲ್ಲರೂ ಹೋಗೋಣ. ಇನ್ನೊಂದು ತೆಗಿ."

*

ಹೋದರು. ಬೆಟ್ಟ ಅಲ್ಲೇ ಇತ್ತು, ಕಣಿವೆ ಮೊದಲಿಗಿಂತ ಹಸಿರಾಗಿತ್ತು, ಗಾಳಿ ಕಿವಿ ಕಿತ್ತುಕೊಂಡು ಹೋಗುವಂತಿತ್ತು. ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ತೆಗೆದಳು.

"ಇರಲಿ, ಇನ್ನೊಂದು" ಎಂದಳು.

ತಕ್ಷಣ ಗಂಡ ಕಟ್ಟೆಯ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಬೆರಳಿಟ್ಟು, ದೂರಕ್ಕೆ ದೃಷ್ಟಿ ನೆಟ್ಟ. ನಾದಿನಿ ಸ್ಕಾರ್ಫನ್ನು ತಾನೇ ಬಿಚ್ಚಿ ಗಾಳಿಗೆ ಹಿಡಿದಳು. ಅತ್ತೆ ಸರಸರನೆ ಬೂಟು ಬಿಚ್ಚಿ, ಇಲ್ಲದ ಕಲ್ಲನ್ನು ಕೊಡವತೊಡಗಿದಳು.

"ನೋಡು, ಸಹಜವಾಗಿದೀವಿ" ಎಂದ ಗಂಡ, ತುಟಿ ಅಲುಗಿಸದೆ.

"ಅಯ್ಯೋ, ಸಹಜವಾಗಿರಬೇಡಿ! ಸುಮ್ಮನೆ ಇರಿ!"

"ಸುಮ್ಮನೆ ಇರೋದು ಹೇಗೆ, ಅದನ್ನೂ ಹೇಳಿಕೊಡಿ ಅತ್ತಿಗೆ."

ನಾಲ್ಕು ಸಲ ಪ್ರಯತ್ನಿಸಿದಳು. ನಾಲ್ಕು ಸಲವೂ ಅವರು ನಾಟಕದ ಕಂಪನಿಯವರ ಹಾಗೆ ಹೊಸ ಹೊಸ ಸಹಜತೆ ಕಂಡುಹಿಡಿದರು. ಮಾವನವರಂತೂ ತಲೆಯ ಮೇಲಿನ ಟೋಪಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಎಲ್ಲಿ ಫೋಟೋ ತೆಗೆದುಬಿಡುತ್ತಾಳೋ ಎಂದು ಕಾವಲುಗಾರನ ಹಾಗೆ ನಿಂತಿದ್ದರು. ಅವಳಿಗೆ ತನ್ನ ತಪ್ಪು ಸ್ಪಷ್ಟವಾಗಿ ಕಂಡಿತು, ಗುಂಡಿಯ ಓರೆ ತೂತು ಕಂಡ ಹಾಗೆ. ಒಪ್ಪಿಗೆ ಕೇಳಲು ಹೋಗಿ, ತನ್ನ ಫೋಟೋ ಯಾಕೆ ಚೆನ್ನ ಎಂಬುದನ್ನು ಎಲ್ಲರಿಗೂ ವಿವರವಾಗಿ ಹೇಳಿಕೊಟ್ಟಿದ್ದಳು. ಈಗ ಅವರಿಗೆ ಎರಡನೆಯದೂ ಮೊದಲನೆಯದೇ ಆಗಿಹೋಗಿತ್ತು. ಕೈಯಾರೆ ಹಾಳು ಮಾಡಿಕೊಂಡಿದ್ದಳು.

"ಬಿಡಿ, ಕಿತ್ತಳೆ ತಿನ್ನೋಣ" ಎಂದು ಕ್ಯಾಮೆರಾ ಮುಚ್ಚಿದಳು.

ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದರು. ಗಾಳಿ ನಿಂತಿತು, ಬಿಸಿಲು ಏರಿತು. ಮಾವ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅಷ್ಟರಲ್ಲಿ ಕೆಳಗೆ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು. ಎಲ್ಲರೂ ಸಿಪ್ಪೆ, ಚೀಲ, ನೀರಿನ ಬಾಟಲಿ ಬಾಚಿಕೊಂಡು ಬಿದ್ದೂ ಎದ್ದೂ ಇಳಿಜಾರಿನಲ್ಲಿ ಓಡಿದರು. ಬಸ್ಸು ಹತ್ತಿ ಏದುಸಿರು ಬಿಡುತ್ತ ಕೂತರು. ಅವಳು ಕ್ಯಾಮೆರಾ ಚೀಲ ತಡವಿದಳು.

"ಲೆನ್ಸಿನ ಮುಚ್ಚಳ!"

"ಇರತ್ತೆ ಕಣೇ, ಸರಿಯಾಗಿ ನೋಡು."

"ಕಟ್ಟೆ ಮೇಲೆ ಬಿಟ್ಟಿದೀನಿ ಅನ್ಸತ್ತೆ. ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ."

ಡ್ರೈವರು ಗಡಿಯಾರ ನೋಡಿ, "ಐದು ನಿಮಿಷ ನಿಲ್ತೀನಿ ತಾಯಿ. ಆರಾದ್ರೆ ನಡ್ಕೊಂಡು ಬನ್ನಿ" ಎಂದ. ಅವಳು ಇಳಿದು ಓಡಿದಳು. ಅರ್ಧ ದಾರಿಯಲ್ಲಿ ಕೋಟಿನ ಜೇಬಿಗೆ ಕೈ ಹೋಯಿತು. ಮುಚ್ಚಳ ಅಲ್ಲೇ ಇತ್ತು. ತಿರುಗಿ ಹೋಗಬಹುದಿತ್ತು. ಆದರೆ ಇಷ್ಟು ದೂರ ಬಂದಿದ್ದೇನೆ, ಬೇರೆ ಏನಾದರೂ ಬಿಟ್ಟಿರಬಹುದು, ಇರಲಿ ಎಂದು ಹತ್ತಿದಳು.

ಕಟ್ಟೆಯ ಮೇಲೆ ಮಾವನವರ ಟೋಪಿ ಕೂತಿತ್ತು.

ಅದೊಂದೇ. ಕಂದು ಬಣ್ಣದ್ದು, ಅಂಚು ಸ್ವಲ್ಪ ಮೇಲಕ್ಕೆ ಬಾಗಿದ್ದು, ಪಕ್ಕದಲ್ಲಿ ಒಂದು ಕಿತ್ತಳೆ ಬೀಜ. ಇಡೀ ಕಣಿವೆಯನ್ನು ತನ್ನದೆಂಬಂತೆ ನೋಡುತ್ತ ಕೂತಿತ್ತು. ಅವಳು ಕ್ಯಾಮೆರಾ ಎತ್ತಿ ಒಂದು ತೆಗೆದಳು. ಕಟ್ಟೆಯ ಆ ತುದಿಯಿಂದ ಧಡಧಡ ಹೆಜ್ಜೆ ಸದ್ದು ಕೇಳಿತು. ಕಣ್ಣು ತೆಗೆಯದೆಯೇ, ಅಭ್ಯಾಸದಿಂದ, ಇನ್ನೊಂದು ಒತ್ತಿದಳು.

ಆ ಇನ್ನೊಂದರೊಳಕ್ಕೆ ಮಾವ ನುಗ್ಗಿಬಂದಿದ್ದರು. ಏದುಸಿರು, ಕೆಂಪು ಮುಖ, ಮಿರಮಿರ ಮಿಂಚುವ ತಲೆ, ಏಳೆಂಟು ಕೂದಲೂ ಆಕಾಶಕ್ಕೆ ನಿಮಿರಿದವು. ಕಳೆದುಹೋದ ಮಗು ಸಿಕ್ಕಿದ ಹಾಗೆ ಎರಡು ಕೈ ಚಾಚಿ, ಬಾಯ್ತುಂಬ ನಗುತ್ತ, ಟೋಪಿಯ ಕಡೆ ಬರುತ್ತಿದ್ದಾರೆ. ಹಿಂದೆ ಕಣಿವೆ, ನದಿ, ದೂರದ ಊರು.

"ತೆಗೆದುಬಿಟ್ಯಾ?" ಎಂದರು ಮಾವ, ಟೋಪಿಯನ್ನು ಎದೆಗೊತ್ತಿಕೊಂಡು.

ಅವಳು ಕ್ಯಾಮೆರಾ ಇಳಿಸಿದಳು. "ತಪ್ಪಾಯ್ತು ಮಾವ. ಗೊತ್ತಾಗಲಿಲ್ಲ. ಈಗಲೇ ಅಳಿಸ್ತೀನಿ. ನಿಮ್ಮ ಮುಂದೆನೇ ಅಳಿಸ್ತೀನಿ, ನೋಡಿ."

ಮಾವ ಟೋಪಿಯನ್ನು ತಲೆಯ ತನಕ ಎತ್ತಿದವರು ಹಾಗೆಯೇ ನಿಂತರು. ಏನೋ ನೆನಪಾದಂತೆ ಕೆಳಗೆ ಬಸ್ಸಿನ ಕಡೆ ನೋಡಿದರು. "ಅಂದ್ರೆ, ಬಸ್ಸಲ್ಲಿ ನಾನು ಹೀಗೇ ಕೂತಿದ್ನಾ?"

"ಹೂಂ, ಮಾವ."

"ಟಿಕೆಟ್ ತಗೊಂಡೆ. ಪಕ್ಕದ ಹೆಂಗಸಿನ ಹತ್ರ ಹವಾ ಬಗ್ಗೆ ಮಾತಾಡಿದೆ. ಆಕೆ ಜಾಗ ಬಿಡಿ ಅಂತ ಕೂಡ ಅನ್ನಲಿಲ್ಲ." ತಲೆಯ ಮೇಲೆ ಕೈಯಾಡಿಸಿಕೊಂಡರು. "ಇಡೀ ಬಸ್ಸು ನನ್ನ ತಲೆ ನೋಡಿದೆ. ಒಬ್ಬರೂ ಏನೂ ಅಂದ್ಕೊಳ್ಳಲಿಲ್ವಲ್ಲ!" ಅವರ ದನಿಯಲ್ಲಿ ಸಮಾಧಾನದ ಜೊತೆ ಸಣ್ಣ ನಿರಾಸೆಯೂ ಇತ್ತು. ಆಮೇಲೆ ಕ್ಯಾಮೆರಾದ ಕಡೆ ಗಲ್ಲ ಎತ್ತಿದರು. "ಎಲ್ಲಿ, ತೋರಿಸು."

ತೋರಿಸಿದಳು. ಮಾವ ಬಹಳ ಹೊತ್ತು ನೋಡಿದರು. ಹಾರ್ನು ಒಂದು ಸಲ ಕೇಳಿತು, ಎರಡು ಸಲ ಕೇಳಿತು.

"ಟೋಪಿ ಕಂಡ್ರೆ ನನ್ನ ಮುಖ ಹೀಗಾಗತ್ತಾ?" ಎಂದರು. "ಇದು ಇರಲಿ ಕಣಮ್ಮ. ಇದನ್ನ ಹಾಕು. ಆ ಬಾಚಣಿಗೆದೂ ಹಾಕು."

ಆರು ನಿಮಿಷ ಆಗಿಹೋಗಿತ್ತು. ಆದರೂ ಬಸ್ಸು ನಿಂತಿತ್ತು, ಯಾಕೆಂದರೆ ಅತ್ತೆ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು, ಬೂಟಿನಲ್ಲಿ ನಿಜವಾಗಿಯೂ ಕಲ್ಲು ಸೇರಿಕೊಂಡಿದೆಯೆಂದು ಡ್ರೈವರಿಗೆ ವಿವರಿಸುತ್ತಿದ್ದಳು.

*

ಈಗ ಹೊಸ ಫಜೀತಿ. ಒಂಬತ್ತು ಹಳೆಯವು, ಬಾಚಣಿಗೆಯದೊಂದು, ಒಂಟಿ ಟೋಪಿಯದೊಂದು, ಮಾವ ಓಡಿಬಂದದ್ದೊಂದು. ಹನ್ನೆರಡು. ಎರಡನ್ನು ಬಿಡಬೇಕು.

"ನಿಮ್ಮದರಲ್ಲಿ ಒಂದನ್ನ ತೆಗೀಲಾ ಮಾವ?"

"ನನ್ನದು ಎರಡೂ ಇರಲಿ. ಬೇಕಿದ್ರೆ ಆ ಸ್ಕಾರ್ಫಿಂದು ತೆಗಿ."

"ಅಪ್ಪಾ!" ಎಂದಳು ನಾದಿನಿ.

ಅವಳು ಹನ್ನೆರಡನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಕಾರ್ಖಾನೆಯಲ್ಲಿ ಮಾಡುವಂತೆ ಒಂದು ಸಲ ನೋಡಿದಳು. ಆಮೇಲೆ ಎಲ್ಲವನ್ನೂ ತಲೆಕೆಳಗೆ ಮಾಡಿಟ್ಟು ಇನ್ನೊಂದು ಸಲ ನೋಡಿದಳು. ತಲೆಕೆಳಗಾದಾಗ ಒಂಟಿ ಟೋಪಿ ಸುಮ್ಮನೆ ಚೆಂದದ ಟೋಪಿಯಾಗಿ ಉಳಿಯಿತು. ಅದನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ಅದನ್ನು ಎತ್ತಿಟ್ಟಳು. ಮಂಜಿನಲ್ಲಿ ಸೇತುವೆಯದೊಂದಿತ್ತು, ಮೊದಲಿನಿಂದಲೂ ಅದರ ಮೇಲೆ ಅವಳಿಗೆ ಅನುಮಾನವಿತ್ತು. ಅದನ್ನೂ ಎತ್ತಿಟ್ಟಳು. ಚಿಮಟ ಬೇಕಾಗಲಿಲ್ಲ.

ಕೊಡುವ ದಿನ ಮೇಷ್ಟ್ರು ಹತ್ತನ್ನೂ ಮಕ್ಕಳ ಪುಟ್ಟ ಮೇಜಿನ ಮೇಲೆ ಹರಡಿ, ನೋಡುತ್ತ ನಿಂತರು. ಅವಳು ಎದುರಿಗೆ ನಿಂತಿದ್ದಳು. ಅವರು ನಗಲಿಲ್ಲ. ಅವಳಿದ್ದ ಕಡೆಯಿಂದ ಎಲ್ಲವೂ ತಲೆಕೆಳಗಾಗಿ ಕಾಣುತ್ತಿದ್ದವು. ಕಣ್ಣು ತನ್ನಷ್ಟಕ್ಕೆ ತಪ್ಪು ಹುಡುಕತೊಡಗಿತು. ಸಿಕ್ಕಿಯೂ ಬಿಟ್ಟಿತು. ಹೇಳದೆ ಇರಲು ಎಷ್ಟೋ ಪ್ರಯತ್ನಪಟ್ಟಳು. ಆಗಲಿಲ್ಲ.

"ಸಾರ್, ನಾಲ್ಕನೇದು ಸ್ವಲ್ಪ ವಾಲಿದೆ."

ಮೇಷ್ಟ್ರು ನಾಲ್ಕನೆಯದನ್ನು ಎತ್ತಿಕೊಂಡರು. ಜಿರಾಫೆಯದು. ನೆಲ ಬಲಕ್ಕೆ ಇಳಿದಿತ್ತು. "ಹೌದು, ವಾಲಿದೆ. ಯಾಕೆ?"

"ಅತ್ತೆ ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಎಳೀತಿದ್ರು ಸಾರ್. ಕಿತ್ತಳೆ ಕೊಡೋಕೆ."

"ಅಂದ್ರೆ ವಾಲಿದ್ದು ಫೋಟೋ ಅಲ್ಲ, ನೀವು."

"ಹೌದು ಸಾರ್. ನಾನೇ."

"ಹಾಗಾದ್ರೆ ಸರಿಯಾಗೇ ಇದೆ" ಎಂದರು ಮೇಷ್ಟ್ರು. ಆಮೇಲೆ ಮಾವನವರ ಎರಡು ಫೋಟೋಗಳ ಹತ್ತಿರ ಬಗ್ಗಿದರು. ನಗು ಆಗ ಶುರುವಾಯಿತು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಯಾರು ನೋಡಿದ್ದು ಎಂದು ಮಾತ್ರ ಕೇಳಲಿಲ್ಲ. ಅವಳಿಗೆ ಅದು ರಾತ್ರಿ ಮಲಗುವಾಗ ಹೊಳೆಯಿತು.

*

ಶುಕ್ರವಾರ ಸಂಜೆ ತರಗತಿಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಮನೆಯವರೆಲ್ಲ ಶಾಲೆಯ ಗೇಟಿನ ತನಕ ಬಂದು, "ನೀನೇ ನೋಡ್ಕೊಂಡು ಬಾ" ಎಂದು ನಿಂತರು. ಅವಳು ಒಬ್ಬಳೇ ಓಣಿ ದಾಟಿ ಹೋದಳು. ಎಂಟು ಹೆಸರುಗಳು. ಏಳನೆಯದು ಅವಳದು.

ಗೇಟಿಗೆ ವಾಪಸು ಬಂದಳು.

"ಏನಾಯ್ತು?"

"ಇದೆ" ಎಂದಳು. "ಇದೆ ಅನ್ಸತ್ತೆ. ಏಳನೇದು."

ನಾದಿನಿ ಕುಣಿದು ಅಪ್ಪಿಕೊಂಡಳು. ಗಂಡ ತನ್ನ ಹತ್ತಿ ಎಳೆಗಳನ್ನೆಲ್ಲ ಅವಳ ಕೋಟಿಗೆ ದಾಟಿಸಿದ. ಅತ್ತೆ ಚೀಲದಿಂದ ಕಿತ್ತಳೆ ತೆಗೆದಳು. ಅವಳು ಮಾತ್ರ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. "ಅದೇ ಹೆಸರಿನವರು ಇನ್ಯಾರಾದ್ರೂ ಇದ್ರೆ? ಇರಲಿ..."

"ಇನ್ನೊಂದು!" ಎಂದರು ನಾಲ್ವರೂ ಒಟ್ಟಿಗೆ.

ಈ ಸಲ ಎಲ್ಲರೂ ನುಗ್ಗಿದರು. ಪಟ್ಟಿ ಮಕ್ಕಳ ಎತ್ತರಕ್ಕೆ ಅಂಟಿಸಿದ್ದರಿಂದ ನಾಲ್ವರೂ ಸೊಂಟ ಬಗ್ಗಿಸಿ, ತಲೆಗೆ ತಲೆ ತಾಗಿಸಿ ಓದತೊಡಗಿದರು. ಅತ್ತೆ ಬೆರಳಿಟ್ಟು ಒಂದರಿಂದ ಎಣಿಸುತ್ತಿದ್ದಳು. ಗಂಡ ಏಳನ್ನು ಬಿಟ್ಟು ಎಂಟನ್ನು ಓದಿ ಗಾಬರಿಯಾದ. ನಾದಿನಿ ಅವನ ಬೆನ್ನಿಗೆ ಗುದ್ದಿದಳು. ಮಾವ, ಇತರರಿಗೆ ಮರೆಯಾಗದಿರಲೆಂದು, ಟೋಪಿ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಕಿಟಕಿಯ ಸಂಜೆ ಬಿಸಿಲು ಅವರ ತಲೆಯ ಮೇಲೆ ಬಿದ್ದು, ಅಲ್ಲಿಂದ ಜಿಗಿದು ಪಟ್ಟಿಗೆ ಬೆಳಕು ಕೊಡುತ್ತಿತ್ತು.

ಅವಳು ಕ್ಯಾಮೆರಾ ಎತ್ತಿದಳು. ಯಾರನ್ನೂ ಸಾಲಾಗಿ ನಿಲ್ಲಿಸಲಿಲ್ಲ, ಯಾರಿಗೂ ನಗಿ ಎನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಇದೇ ಮೊದಲು, ಮೊದಲನೆಯದನ್ನು ಬಿಟ್ಟು ನೇರವಾಗಿ ಇನ್ನೊಂದನ್ನೇ ತೆಗೆದಳು.